ಹೆಸರು ಬದಲಿಸಿ ಬರುವ ನಶೆ: ಬಿಜಾಪುರದ ಚಿಲುಮೆಯಿಂದ ಇಂದಿನ ರಾಸಾಯನಿಕ ಮಾತ್ರೆಯವರೆಗೆ



ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರನೊಬ್ಬ ರಾಸಾಯನಿಕ ಮಾದಕ ಪದಾರ್ಥಗಳ ಬಗ್ಗೆ ಏಕೆ ಬರೆಯುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಇದಕ್ಕೆ ನನ್ನ ತರಗತಿಯ ಒಬ್ಬ ಹುಡುಗ ಕಾರಣ. ಮದ್ಯಪಾನದ ಕೆಡುಕುಗಳ ಕುರಿತು ಒಂದು ಪಾಠ ಮುಗಿಸಿ, ಏನಾದರೂ ಕೇಳುವುದಿದೆಯೇ ಎಂದೆ. ಹಿಂದಿನ ಬೆಂಚಿನಿಂದ ಅವನು ಎದ್ದು ನಿಂತ. ಅವನ ಅಣ್ಣ ದ್ರಾಕ್ಷಿ ತುಂಬಿದ ಗಾಡಿಯನ್ನು ರಾತ್ರಿಯೆಲ್ಲಾ ಓಡಿಸುವವನು. ಯಾರೋ ಗೆಳೆಯ ಅವನಿಗೆ ಒಂದು ಮಾತ್ರೆಯ ವಿಷಯ ಹೇಳಿದ್ದನಂತೆ. ನುಂಗಿದರೆ ಎರಡು ರಾತ್ರಿ ನಿದ್ದೆಯೇ ಬಾರದಂತೆ. ಹುಡುಗ ಕೇಳಿದ: "ಸರ್, ಅದು ದಾರೂ ಅಲ್ರಿ. ವಾಸನಿ ಬರಂಗಿಲ್ಲ. ಕುರ್‌ಆನ್‌ದಾಗ ಅದರ ಹೆಸರೂ ಇಲ್ಲ. ಹಂಗಾದ್ರ ಅದು ಹರಾಮ್ ಹ್ಯಾಂಗ ಆಗ್ತೈತ್ರಿ?"

ತರಗತಿಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಂದು ಅವಸರದಲ್ಲಿ ಏನೋ ಒಂದು ಉತ್ತರ ಹೇಳಿದೆ. ಮನೆಗೆ ಬಂದ ಮೇಲೆ ಅದು ಪೂರ್ಣ ಉತ್ತರವಲ್ಲ ಎನ್ನಿಸಿತು. ಪುಸ್ತಕಗಳನ್ನು ತಿರುವುತ್ತಾ ಹೋದಂತೆ, ಇದೇ ಪ್ರಶ್ನೆ ನಾನೂರು ವರ್ಷಗಳ ಹಿಂದೆ ನಮ್ಮ ಬಿಜಾಪುರದಿಂದ ಹೋದ ಒಂದು ವಸ್ತುವಿನ ಬಗ್ಗೆ ಅಕ್ಬರ್ ಬಾದಶಹರ ದರ್ಬಾರಿನಲ್ಲಿಯೂ ಎದ್ದಿತ್ತೆಂದು ತಿಳಿಯಿತು. ಆ ಇತಿಹಾಸವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಿಜಾಪುರದಿಂದ ಹೊರಟ ಚಿಲುಮೆ

ಬಿಜ್ಜರಗಿಯಿಂದ ತಿಕೋಟಾ ಮಾರ್ಗವಾಗಿ ವಿಜಯಪುರಕ್ಕೆ ಹೋಗುವಾಗ ನಗರಕ್ಕೆ ಮೊದಲು ತೊರವಿ ಸಿಗುತ್ತದೆ. ಆ ಭಾಗದಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಎಂಬ ಹೊಸ ನಗರಕ್ಕೆ ಬುನಾದಿ ಹಾಕಿದ್ದು. 1580ರಿಂದ 1627ರವರೆಗೆ ಆಳಿದ ಈ ಸಂಗೀತಪ್ರೇಮಿ ದೊರೆಯನ್ನು ಜನ ಜಗದ್ಗುರು ಎಂದೂ ಕರೆದರು. ಇವರ ಕಾಲದಲ್ಲಿ ಪೋರ್ಚುಗೀಜರು ಗೋವೆಯಲ್ಲಿ ನೆಲೆಯೂರಿ ತೊಂಬತ್ತು ವರ್ಷಗಳಾಗಿದ್ದವು. 1510ರಲ್ಲಿ ಆದಿಲ್‌ಶಾಹಿ ರಾಜ್ಯದಿಂದಲೇ ಅವರು ಗೋವೆಯನ್ನು ಕಿತ್ತುಕೊಂಡಿದ್ದರು. ಅಮೆರಿಕ ಖಂಡದ ಗಿಡವಾದ ತಂಬಾಕು ಅವರ ಹಡಗುಗಳ ಮೂಲಕ ದಖ್ಖನಿಗೆ ಬಂದಿತು.

1604ರ ಸುಮಾರಿಗೆ ಅಕ್ಬರನ ದೂತನಾಗಿ ಅಸದ್ ಬೇಗ್ ಎಂಬ ಅಧಿಕಾರಿ ಬಿಜಾಪುರಕ್ಕೆ ಬಂದಿದ್ದ. ಇಬ್ರಾಹಿಂ ಆದಿಲ್‌ಶಾಹರ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸುವ ಕಾರ್ಯ ಅವನದು. ಇಲ್ಲಿ ಅವನು ಮೊದಲ ಬಾರಿಗೆ ತಂಬಾಕನ್ನು ಕಂಡ. ಉತ್ತರ ಹಿಂದೂಸ್ತಾನದಲ್ಲಿ ಎಲ್ಲಿಯೂ ಕಾಣದ ಈ ಹೊಸ ವಸ್ತುವನ್ನು ಬಾದಶಹರಿಗೆ ಒಪ್ಪಿಸಬೇಕೆಂದುಕೊಂಡು ರತ್ನ ಕೂಡಿಸಿದ ಸುಂದರ ಚಿಲುಮೆಯೊಂದನ್ನು ಸಿದ್ಧಪಡಿಸಿದ. ಅದರ ನಳಿಗೆ ದೂರದ ಆಚೆ ಪ್ರದೇಶದ್ದು, ಬಾಯಿಗಿಡುವ ತುದಿಗೆ ಯೆಮನಿನ ಅಕೀಕ್ ಕಲ್ಲು, ಬೆಂಕಿ ಹೊತ್ತಿಸಲು ಬಂಗಾರದ ಬಟ್ಟಲು. ಆದಿಲ್‌ಶಾಹರು ಕೊಟ್ಟಿದ್ದ ಕುಸುರಿ ಕೆಲಸದ ಎಲೆಯಡಿಕೆಯ ಚೀಲದಲ್ಲಿ ತಂಬಾಕು ತುಂಬಿಕೊಂಡು ಆಗ್ರಾಕ್ಕೆ ಹೋದ. ಇದೆಲ್ಲವನ್ನೂ ಅವನೇ ತನ್ನ ಬರಹದಲ್ಲಿ ದಾಖಲಿಸಿದ್ದಾನೆ.

ಕಾಣಿಕೆಗಳ ನಡುವೆ ಚಿಲುಮೆ ಕಂಡ ಬಾದಶಹರು ಇದೇನೆಂದು ಕೇಳಿದರು. ಖಾನ್-ಎ-ಆಜಮ್ ಎಂಬ ಹಿರಿಯ ಸರದಾರ ಮುಂದೆ ಬಂದು, ಇದು ಮಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತಿರುವ ವಸ್ತು, ತಮಗಾಗಿ ಔಷಧವೆಂದು ತರಲಾಗಿದೆ ಎಂದು ವಿವರಿಸಿದ. ಓದುಗರೇ, ಈ ಮಾತನ್ನು ನೆನಪಿನಲ್ಲಿಡಿ. ಹೊಸ ವಸ್ತುವಿಗೆ ಎರಡು ಪರವಾನಗಿಗಳು ಒಮ್ಮೆಲೇ ದೊರೆತವು: ಒಂದು ಔಷಧವೆಂಬ ಹೆಸರು, ಇನ್ನೊಂದು ಪವಿತ್ರ ಸ್ಥಳಗಳಲ್ಲಿಯೂ ಬಳಕೆಯಲ್ಲಿದೆ ಎಂಬ ಮಾತು.

ಬಾದಶಹರು ಒಂದೆರಡು ದಮ್ಮು ಎಳೆದರು. ಆಗ ಅವರ ಹಕೀಮರು ಅಡ್ಡ ಬಂದರು. ಈ ವಸ್ತುವಿನ ಬಗ್ಗೆ ನಮ್ಮ ವೈದ್ಯಗ್ರಂಥಗಳಲ್ಲಿ ಒಂದು ಅಕ್ಷರವೂ ಇಲ್ಲ, ಗುಣದೋಷ ತಿಳಿಯದ್ದನ್ನು ನಾವು ಹೇಗೆ ಒಪ್ಪಲಿ ಎಂಬುದು ಅವರ ವಾದ. ಅಸದ್ ಬೇಗ್ ಸುಮ್ಮನಿರಲಿಲ್ಲ. ಫಿರಂಗಿಗಳಲ್ಲಿಯೂ ಜ್ಞಾನಿಗಳಿದ್ದಾರೆ, ಪರೀಕ್ಷಿಸದೆ ಅವರು ಬಳಸುತ್ತಾರೆಯೇ, ಎಲ್ಲ ರೂಢಿಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವಲ್ಲವೇ ಎಂದು ಚೆನ್ನಾಗಿ ವಾದಿಸಿದ. ಬಾದಶಹರು ಅವನ ಮಾತಿನ ಚಾತುರ್ಯವನ್ನು ಮೆಚ್ಚಿದರು. ಆದರೆ ತಾವು ಮಾತ್ರ ಚಟ ಹಚ್ಚಿಕೊಳ್ಳಲಿಲ್ಲ. ಸರದಾರರು ಹಚ್ಚಿಕೊಂಡರು. ವ್ಯಾಪಾರಿಗಳು ಮಾರತೊಡಗಿದರು. ಹದಿಮೂರು ವರ್ಷಗಳಲ್ಲಿ, ಅಂದರೆ 1617ರಲ್ಲಿ, ಜಹಾಂಗೀರ್ ಬಾದಶಹ ತಂಬಾಕಿನಿಂದ ಜನರ ದೇಹ ಮನಸ್ಸುಗಳು ಕೆಡುತ್ತಿವೆ ಎಂದು ಅದನ್ನು ನಿಷೇಧಿಸಬೇಕಾಯಿತು. ಆ ಆಜ್ಞೆ ಫಲಿಸಲಿಲ್ಲ.

ಆ ವಾದದಲ್ಲಿ ಗೆದ್ದವರು ಯಾರು? ಅಂದಿನ ದರ್ಬಾರಿನಲ್ಲಿ ಅಸದ್ ಬೇಗ್ ಗೆದ್ದ. ಇತಿಹಾಸದಲ್ಲಿ ಹಕೀಮರು ಗೆದ್ದರು. ತಂಬಾಕಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯ ಸಂಶೋಧಕರು ದೊಡ್ಡ ಅಧ್ಯಯನಗಳಿಂದ ತೋರಿಸಿಕೊಟ್ಟದ್ದು 1950ರಲ್ಲಿ. ಅಲ್ಲಿಯವರೆಗೆ ಸುಮಾರು ಮುನ್ನೂರೈವತ್ತು ವರ್ಷ ಜನ ಸೇದುತ್ತಲೇ ಇದ್ದರು, ಅಗಿಯುತ್ತಲೇ ಇದ್ದರು. ಇಂದು ಭಾರತದಲ್ಲಿ ತಂಬಾಕಿನಿಂದ ವರ್ಷಕ್ಕೆ ಸುಮಾರು 13 ಲಕ್ಷ ಜನ ಸಾಯುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹೊಸ ವಸ್ತು ಬರುವಾಗ ಅದರ ಹೊಳಪು ಮೊದಲು ಬರುತ್ತದೆ, ಅದರ ಹಾನಿಯ ಲೆಕ್ಕ ಬಹಳ ತಡವಾಗಿ ಬರುತ್ತದೆ. ಇದು ನಮ್ಮ ಊರಿನ ಇತಿಹಾಸವೇ ಕಲಿಸುವ ಮೊದಲ ಪಾಠ.

ಆ ಮದುವೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಬಿಜಾಪುರದ ಶಹಜಾದಿಯನ್ನು ಮದುವೆಯಾದ ದಾನಿಯಾಲ್ 1605ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡ. ವಯಸ್ಸು ಕೇವಲ 32. ಕಾರಣ ಮದ್ಯ. ತಂದೆ ಕಾವಲು ಹಾಕಿಸಿ ಮದ್ಯ ಸಿಗದಂತೆ ಮಾಡಿದ್ದರು. ಆದರೆ ಆಳುಗಳು ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿ ತಂದುಕೊಟ್ಟರು. ಮದ್ದಿನ ಮಸಿ, ತುಕ್ಕು ಎಲ್ಲ ಅದರಲ್ಲಿ ಬೆರೆತಿತ್ತು ಎಂದು ಅಣ್ಣ ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕಾವಲು ಎಷ್ಟೇ ಬಿಗಿಯಾಗಿರಲಿ, ಚಟಕ್ಕೆ ಒಳಗಾದವನಿಗೆ ತಂದುಕೊಡುವ ಕೈ ಒಂದು ಇದ್ದೇ ಇರುತ್ತದೆ. ಕದ್ದು ತಂದ ವಸ್ತುವಿನಲ್ಲಿ ಏನು ಬೆರೆತಿದೆ ಎಂಬುದು ಸೇವಿಸುವವನಿಗೆ ಗೊತ್ತಿರುವುದಿಲ್ಲ. ಈ ಎರಡೂ ಮಾತುಗಳು ಇಂದಿನ ಮಾತ್ರೆಗಳಿಗೂ ಹೊಂದುತ್ತವೆ.

ಕಾಫಿಯೂ ಉತ್ತೇಜಕವಲ್ಲವೇ?

ಹಾಗಾದರೆ ಉತ್ಸಾಹ ಕೊಡುವ ಎಲ್ಲವೂ ಕೆಟ್ಟದ್ದೇ ಎಂದು ನೀವು ಕೇಳಬಹುದು. ಇಲ್ಲ. ಯೆಮನಿನ ಸೂಫಿಗಳು ರಾತ್ರಿಯ ಇಬಾದತ್ತಿಗೆ ಎಚ್ಚರವಿರಲು ಕಾಫಿ ಕುಡಿಯುತ್ತಿದ್ದರು. 1511ರಲ್ಲಿ ಮಕ್ಕಾದ ಅಧಿಕಾರಿ ಖೈರ್ ಬೇಗ್ ಉಲಮಾಗಳನ್ನೂ ವೈದ್ಯರನ್ನೂ ಕೂಡಿಸಿ ಕಾಫಿಯನ್ನು ನಿಷೇಧಿಸಿದ. ಆದರೆ ಅದು ಬುದ್ಧಿಯನ್ನು ಮಬ್ಬುಗೊಳಿಸುವುದಿಲ್ಲ ಎಂಬುದು ಅನುಭವದಿಂದ ಖಚಿತವಾದಂತೆ ನಿಷೇಧ ಉಳಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಹಜರತ್ ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ಚಿಕ್ಕಮಗಳೂರಿನ ಗಿರಿಗೆ ತಂದರೆಂದು ಪರಂಪರೆ ಹೇಳುತ್ತದೆ. ಆ ಗಿರಿ ಇಂದಿಗೂ ಅವರ ಹೆಸರಿನಲ್ಲಿದೆ. ಗಮನಿಸಿ, ಉಲಮಾಗಳು ಕಾಫಿಯನ್ನು ಅಳೆದದ್ದು ಅದು ಮನುಷ್ಯನಿಗೆ ಏನು ಮಾಡುತ್ತದೆ ಎಂಬ ಅಳತೆಗೋಲಿನಿಂದ. ಆ ಅಳತೆಗೋಲನ್ನೇ ಈಗ ರಾಸಾಯನಿಕ ಉತ್ತೇಜಕಗಳಿಗೆ ಹಿಡಿದು ನೋಡೋಣ.

ಪ್ರಯೋಗಶಾಲೆಯಲ್ಲಿ ಹುಟ್ಟಿದ ನಶೆ

ತಂಬಾಕು, ಕಾಫಿ ಭೂಮಿಯಲ್ಲಿ ಬೆಳೆಯುವಂಥವು. ರಾಸಾಯನಿಕ ಉತ್ತೇಜಕಗಳು ಗಾಜಿನ ಪಾತ್ರೆಯಲ್ಲಿ ತಯಾರಾಗುತ್ತವೆ. 1887ರಲ್ಲಿ ಬರ್ಲಿನ್‌ನಲ್ಲಿದ್ದ ರುಮೇನಿಯಾದ ರಸಾಯನಶಾಸ್ತ್ರಜ್ಞ ಲಾಜಾರ್ ಎಡೆಲಿಯಾನು ಮೊದಲ ಬಾರಿಗೆ ಆಂಫೆಟಮಿನ್ ತಯಾರಿಸಿದ. 1893ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ, ಒಂದು ಚೀನೀ ಔಷಧ ಗಿಡದಿಂದ ತೆಗೆದ ಎಫೆಡ್ರಿನ್ ಬಳಸಿ ಮೆತಾಂಫೆಟಮಿನ್ ತಯಾರಿಸಿದ. 1919ರಲ್ಲಿ ಅಕಿರಾ ಒಗಾಟಾ ಅದನ್ನು ಹರಳಿನ ರೂಪಕ್ಕೆ ತಂದ. ಇವರು ಯಾರೂ ನಶೆಯ ವ್ಯಾಪಾರಿಗಳಲ್ಲ, ವಿದ್ವಾಂಸರು.

1930ರ ದಶಕದಲ್ಲಿ ಆಂಫೆಟಮಿನ್ ಅಮೆರಿಕದಲ್ಲಿ ಬೆಂಜೆಡ್ರಿನ್ ಎಂಬ ಹೆಸರಿನಿಂದ, ಮೂಗು ಕಟ್ಟಿದ್ದಕ್ಕೆ ಮೂಸುವ ಔಷಧವಾಗಿ ಬಂದಿತು. 1937ರ ಹೊತ್ತಿಗೆ ಅಲ್ಲಿನ ಕೆಲವು ಕಾಲೇಜು ವಿದ್ಯಾರ್ಥಿಗಳು ಪರೀಕ್ಷೆಯ ಸಮಯದಲ್ಲಿ ಅದರ ಮಾತ್ರೆಗಳನ್ನು ನುಂಗತೊಡಗಿದ್ದರು. 1938ರಲ್ಲಿ ಜರ್ಮನಿಯಲ್ಲಿ ಪರ್ವಿಟಿನ್ ಎಂಬ ಹೆಸರಿನಲ್ಲಿ ಮೆತಾಂಫೆಟಮಿನ್ ಮಾತ್ರೆಗಳು ಔಷಧದ ಅಂಗಡಿಗೆ ಬಂದವು. 1940ರ ಏಪ್ರಿಲ್‌ನಿಂದ ಜುಲೈವರೆಗಿನ ಯುದ್ಧದಲ್ಲಿ ಜರ್ಮನ್ ಸೇನೆಗೆ ಇಂತಹ ಸುಮಾರು 3.5 ಕೋಟಿ ಮಾತ್ರೆಗಳನ್ನು ಕಳುಹಿಸಲಾಯಿತು. ಸೈನಿಕರು ನಿದ್ದೆಯಿಲ್ಲದೆ ದಿನಗಟ್ಟಲೆ ನಡೆದರು. ನಂತರ ಕುಸಿದರು. ಮರುವರ್ಷವೇ ಜರ್ಮನ್ ಸರ್ಕಾರ ಅದರ ಮೇಲೆ ಕಟ್ಟುನಿಟ್ಟು ತಂದಿತು.

ಜಪಾನಿನ ಕಥೆ ಇನ್ನೂ ದುಃಖಕರ. ಅಲ್ಲಿ 1941ರಿಂದ ಫಿಲೋಪಾನ್ ಎಂಬ ಹೆಸರಿನಲ್ಲಿ ಇದೇ ವಸ್ತು ದಣಿವು ಕಳೆಯುವ ಮಾತ್ರೆಯಾಗಿ ಮಾರಾಟವಾಯಿತು. ರಾತ್ರಿ ಪಾಳಿಯ ಕಾರ್ಮಿಕರಿಗೂ ಸೈನಿಕರಿಗೂ ಕೊಟ್ಟರು. ಯುದ್ಧ ಸೋತ ಮೇಲೆ ಉಳಿದ ದಾಸ್ತಾನು ಮಾರುಕಟ್ಟೆಗೆ ಹರಿಯಿತು. ಮನೆಮಠ ಕಳೆದುಕೊಂಡ ಯುವಕರು ಅದಕ್ಕೆ ಬಲಿಯಾದರು. 1951ರಲ್ಲಿ ಜಪಾನ್ ವಿಶೇಷ ಕಾನೂನು ತಂದಿತು. 1954ರ ಒಂದೇ ವರ್ಷದಲ್ಲಿ ಆ ಕಾನೂನಿನಡಿ 55 ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು.

ಉಳಿದವುಗಳ ಕಥೆಯೂ ಇದೇ ದಾರಿಯದು. ಇಂದು ದೊಡ್ಡ ನಗರಗಳ ಪಾರ್ಟಿಗಳಲ್ಲಿ ಹರಿದಾಡುವ ಎಂಡಿಎಂಎ 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿಯ ಪೇಟೆಂಟ್ ಅರ್ಜಿಯಲ್ಲಿ ಕಾಣಿಸಿಕೊಂಡಿತು. 1961ರಲ್ಲಿ ಜರ್ಮನಿಯಲ್ಲಿಯೇ ಹುಟ್ಟಿದ ಕ್ಯಾಪ್ಟಗಾನ್ ಎಂಬ ಔಷಧದ ಹೆಸರು, ಮುಂದೆ ಅರಬ್ ನಾಡುಗಳ ಯುವಕರನ್ನು ಹಾಳುಮಾಡಿದ ಕಳ್ಳ ಮಾತ್ರೆಗಳ ಹೆಸರಾಯಿತು. 2024ರ ಡಿಸೆಂಬರಿನಲ್ಲಿ ಸಿರಿಯಾದ ಆಡಳಿತ ಉರುಳಿದಾಗ ಅದರ ದೊಡ್ಡ ದೊಡ್ಡ ದಾಸ್ತಾನುಗಳು ಪತ್ತೆಯಾದವು. 1929ರಲ್ಲಿ ತಯಾರಾಗಿ ಮರೆತುಹೋಗಿದ್ದ ಮೆಫೆಡ್ರೋನ್ 2000ದ ನಂತರ ಮತ್ತೆ ತಲೆಯೆತ್ತಿತು. ಬ್ರಿಟನ್ನಿನಲ್ಲಿ ಕಾನೂನಿನ ಕಣ್ಣು ತಪ್ಪಿಸಲು ಅದನ್ನು ಗಿಡಗಳ ಗೊಬ್ಬರವೆಂದು ಚೀಟಿ ಅಂಟಿಸಿ ಮಾರಿದರು. 2010ರಲ್ಲಿ ಅಲ್ಲಿ ನಿಷೇಧವಾಯಿತು. ನಮ್ಮಲ್ಲಿ ಇದನ್ನೇ ಎಂ.ಡಿ. ಎನ್ನುತ್ತಾರೆ.

ಮೂಗಿನ ಔಷಧ, ದಣಿವಿನ ಮಾತ್ರೆ, ಗಿಡದ ಗೊಬ್ಬರ. ಹೆಸರುಗಳು ಎಷ್ಟೊಂದು ನೋಡಿ! ಬಾದಶಹರ ಮುಂದೆ ತಂಬಾಕು ಔಷಧವೆಂಬ ಹೆಸರಿನಲ್ಲಿ ಬಂದು ನಿಂತದ್ದು ನಿಮಗೆ ನೆನಪಾಗಲಿಲ್ಲವೇ?

ದೇಹದಲ್ಲಿ ಏನಾಗುತ್ತದೆ?

ಈ ಮಾತ್ರೆಗಳು ಶಕ್ತಿ ಕೊಡುತ್ತವೆ ಎಂಬುದು ದೊಡ್ಡ ಸುಳ್ಳು. ರೊಟ್ಟಿಯಲ್ಲಿ ಶಕ್ತಿಯಿದೆ, ಬೇಳೆಯಲ್ಲಿ ಶಕ್ತಿಯಿದೆ. ಈ ಮಾತ್ರೆಯಲ್ಲಿ ಇಲ್ಲ. ನಮ್ಮ ಮೆದುಳಿನಲ್ಲಿ ಡೋಪಮಿನ್, ನಾರ್‌ಅಡ್ರೆನಲಿನ್ ಎಂಬ ರಾಸಾಯನಿಕಗಳಿವೆ. ಸಂತೋಷ, ಹುರುಪು, ಎಚ್ಚರ ಇವುಗಳಿಂದ ಬರುತ್ತವೆ. ದೇಹ ಇವುಗಳನ್ನು ಬೇಕಾದಷ್ಟೇ ಬಿಡುಗಡೆ ಮಾಡಿ, ಕೆಲಸವಾದ ಮೇಲೆ ಮತ್ತೆ ಒಳಗೆಳೆದುಕೊಂಡು ಜೋಪಾನ ಮಾಡುತ್ತದೆ. ರಾಸಾಯನಿಕ ಉತ್ತೇಜಕ ಈ ಕಣಜದ ಬಾಗಿಲನ್ನು ಒಮ್ಮೆಲೇ ಒಡೆದುಬಿಡುತ್ತದೆ. ನಾಳೆಗೆ, ನಾಡಿದ್ದಿಗೆ ಇಟ್ಟದ್ದೆಲ್ಲ ಇಂದೇ ಖರ್ಚಾಗುತ್ತದೆ. ಇದು ಗಳಿಕೆಯಲ್ಲ, ಸಾಲ. ಸಾಲದ ಬಡ್ಡಿ ಏನೆಂಬುದು ನಮ್ಮ ರೈತ ಕುಟುಂಬಗಳಿಗೆ ಬೇರೆಯವರು ಹೇಳಬೇಕಾಗಿಲ್ಲ.

ಬಡ್ಡಿಯ ಲೆಕ್ಕ ಹೀಗಿದೆ. ಮೊದಲನೆಯದು ಹೃದಯ. ಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಆರೋಗ್ಯವಂತ ತರುಣರಲ್ಲಿಯೂ ಹೃದಯಾಘಾತ, ಲಯ ತಪ್ಪುವಿಕೆ, ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಬಹುಕಾಲ ಸೇವಿಸಿದವರ ಹೃದಯದ ಸ್ನಾಯುವೇ ದುರ್ಬಲವಾಗುತ್ತದೆ.

ಎರಡನೆಯದು ದೇಹದ ಉಷ್ಣ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಉತ್ತೇಜಕಗಳು ದೇಹದ ತಾಪವನ್ನು ಹೆಚ್ಚಿಸುತ್ತವೆ, ಜೊತೆಗೆ ದಣಿವಿನ ಎಚ್ಚರಿಕೆಯನ್ನೂ ಅಡಗಿಸುತ್ತವೆ. 1967ರ ಜುಲೈ 13ರಂದು ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಬ್ರಿಟನ್ನಿನ ಹೆಸರಾಂತ ಸೈಕಲ್ ಪಟು ಟಾಮ್ ಸಿಂಪ್ಸನ್ ಉರಿಬಿಸಿಲಿನಲ್ಲಿ ಬೆಟ್ಟ ಏರುವಾಗ ಕುಸಿದು ಸತ್ತ. ವಯಸ್ಸು 29. ಅವನ ದೇಹದಲ್ಲಿ ಆಂಫೆಟಮಿನ್ ಇತ್ತು, ಜೇಬಿನಲ್ಲಿಯೂ ಇತ್ತು. ನಿಲ್ಲು ಎಂದು ಹೇಳಬೇಕಾದ ದೇಹದ ಬಾಯಿಯನ್ನೇ ಮಾತ್ರೆ ಕಟ್ಟಿಹಾಕಿತ್ತು. ತಾಪ ಮಿತಿ ಮೀರಿದರೆ ಸ್ನಾಯುಗಳು ಕರಗಿ, ಮೂತ್ರಪಿಂಡಗಳು ಕೆಟ್ಟು ಸಾವು ಬರುತ್ತದೆ.

ಮೂರನೆಯದು ಮನಸ್ಸು. ಅಮಲು ಇಳಿದ ಮೇಲೆ ತೀವ್ರ ಖಿನ್ನತೆ, ಸಿಡುಕು, ಬೇಸರ, ಆತ್ಮಹತ್ಯೆಯ ಯೋಚನೆ ಕೂಡ. ದಿನಗಟ್ಟಲೆ ನಿದ್ದೆಯಿಲ್ಲದೆ ಸೇವಿಸಿದವರಿಗೆ ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಸಂಶಯ, ಕಿವಿಯಲ್ಲಿ ಇಲ್ಲದ ದನಿ, ಚರ್ಮದೊಳಗೆ ಹುಳು ಹರಿದಾಡುವ ಭ್ರಮೆ. ಇದನ್ನು ವೈದ್ಯರು ಚಿತ್ತವಿಕಲತೆ ಎನ್ನುತ್ತಾರೆ. ಕೆಲವರಲ್ಲಿ ಮಾತ್ರೆ ಬಿಟ್ಟ ಮೇಲೂ ಇದು ಉಳಿಯುತ್ತದೆ.

ನಾಲ್ಕನೆಯದು ಚಟ. ಕಣಜ ಬರಿದಾದ ಮೇಲೆ ಊಟ, ಆಟ, ಗೆಳೆತನ ಯಾವುದೂ ರುಚಿಸುವುದಿಲ್ಲ. ಮೆಫೆಡ್ರೋನ್‌ನ ಅಮಲು ಬೇಗ ಇಳಿಯುವುದರಿಂದ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಸೇವಿಸುವಂತೆ ಮಾಡುತ್ತದೆ. ಅಫೀಮಿನ ಜಾತಿಯ ಪದಾರ್ಥಗಳಿಂದ ಉಸಿರು ನಿಂತಾಗ ತಕ್ಷಣ ಕೊಡುವ ಪ್ರತಿಮದ್ದು ಇದೆ. ಈ ಉತ್ತೇಜಕಗಳಿಗೆ ಅಂತಹ ಪ್ರತಿಮದ್ದು ಇಲ್ಲ. ಇನ್ನೊಂದು ಮಾತು: ಪುಡಿಯಲ್ಲಿ ಏನಿದೆ, ಎಷ್ಟಿದೆ ಎಂದು ಮಾರುವವನಿಗೂ ತಿಳಿಯದು. ದಾನಿಯಾಲನ ಬಂದೂಕಿನ ತುಕ್ಕನ್ನು ಇಲ್ಲಿ ನೆನಪಿಸಿಕೊಳ್ಳಿ.

ಒಂದು ತಪ್ಪು ತಿಳಿವಳಿಕೆ ಆಗಬಾರದು. ಚಂಚಲತೆಯ ಕಾಯಿಲೆಯಿರುವ ಮಕ್ಕಳಿಗೆ ತಜ್ಞ ವೈದ್ಯರು ಇದೇ ವರ್ಗದ ಕೆಲವು ಔಷಧಗಳನ್ನು ಅಳೆದು, ಪರೀಕ್ಷಿಸುತ್ತಾ ಕೊಡುತ್ತಾರೆ. ಅದು ಚಿಕಿತ್ಸೆ. ಅಂತಹ ಮಗುವಿನ ತಂದೆತಾಯಿ ಗಾಬರಿಯಿಂದ ಔಷಧ ನಿಲ್ಲಿಸಬಾರದು. ಆದರೆ ಒಬ್ಬರಿಗೆ ಬರೆದುಕೊಟ್ಟ ಮಾತ್ರೆ ಇನ್ನೊಬ್ಬರ ಕೈಯಲ್ಲಿ ವಿಷ.

ಇದು ದೂರದ ಮಾತಲ್ಲ

ಬೆಂಗಳೂರು, ಮುಂಬಯಿಯ ಶ್ರೀಮಂತರ ಮಕ್ಕಳ ಚಟ ಇದು, ನಮ್ಮ ಹಳ್ಳಿಗೇನು ಸಂಬಂಧ ಎನ್ನುವವರಿದ್ದಾರೆ. ನಮ್ಮ ನೆರೆಯ ಸೊಲ್ಲಾಪುರದ ಚಿಂಚೋಳಿ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ 2016ರ ಏಪ್ರಿಲ್‌ನಲ್ಲಿ ಠಾಣೆ ಪೊಲೀಸರು ಸುಮಾರು 18 ಟನ್ ಎಫೆಡ್ರಿನ್ ವಶಪಡಿಸಿಕೊಂಡರು. ನಾಗಾಯಿ 1893ರಲ್ಲಿ ಬಳಸಿದ್ದು ಇದೇ ಕಚ್ಚಾವಸ್ತು. ಗಡಿಯಾಚೆ, ನಮ್ಮ ಕನ್ನಡಿಗ ನೆಂಟರಿಷ್ಟರಿರುವ ಜತ್ತ ತಾಲೂಕನ್ನು ದಾಟಿದರೆ ಕವಠೆ ಮಹಾಂಕಾಳ ತಾಲೂಕು. ಅಲ್ಲಿನ ಇರಳಿ ಎಂಬ ಹಳ್ಳಿಯಲ್ಲಿ 2024ರ ಮಾರ್ಚಿನಲ್ಲಿ ಮುಂಬಯಿ ಪೊಲೀಸರು ಮೆಫೆಡ್ರೋನ್ ತಯಾರಿಸುವ ಜಾಗವನ್ನೇ ಪತ್ತೆಹಚ್ಚಿ ನೂರು ಕಿಲೋಗಿಂತ ಹೆಚ್ಚು ಮಾಲು ಹಿಡಿದರು. ಅದೂ ನಮ್ಮಂತೆಯೇ ದ್ರಾಕ್ಷಿ ಬೆಳೆಯುವ ಸೀಮೆ. 2025ರ ಜುಲೈಯಲ್ಲಿ ನಮ್ಮದೇ ರಾಜ್ಯದ ಮೈಸೂರಿನಲ್ಲಿ ಇಂತಹದೇ ತಯಾರಿಕಾ ಕೇಂದ್ರ ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡ ಕುಸಿದಾಗ ಕೊಡುವ ಮೆಫೆಂಟರ್ಮಿನ್ ಎಂಬ ಚುಚ್ಚುಮದ್ದನ್ನು ಮೈಕಟ್ಟು ಬೆಳೆಸುವ ಹುಚ್ಚಿನ ಯುವಕರಿಗೆ ಕದ್ದು ಮಾರುವ ಜಾಲಗಳೂ ಮಹಾರಾಷ್ಟ್ರದಲ್ಲಿ ಸಿಕ್ಕಿಬಿದ್ದಿವೆ.

ಹಾಗೆಂದು ಎಲ್ಲ ಯುವಕರನ್ನೂ ಸಂಶಯದಿಂದ ನೋಡಬೇಕಾಗಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಆಂಫೆಟಮಿನ್ ವರ್ಗದ ಉತ್ತೇಜಕ ಬಳಸಿದವರು ಶೇ. 0.18. ಮದ್ಯ ಸೇವಿಸುವವರು ಶೇ. 14.6. ಅಂದರೆ ಇದು ಇನ್ನೂ ಬೇರುಬಿಟ್ಟ ರೋಗವಲ್ಲ. ತಂಬಾಕನ್ನು 1604ರಲ್ಲಿ ತಡೆಯಬಹುದಿತ್ತು, 1617ರಲ್ಲಿ ಆಗಲಿಲ್ಲ. ನಾವು ಈಗ 1604ರಲ್ಲಿದ್ದೇವೆ ಎಂದು ತಿಳಿಯಿರಿ.

ಕಾನೂನನ್ನೂ ತಿಳಿದಿರಬೇಕು. 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಮೆಫೆಡ್ರೋನ್ 2015ರ ಫೆಬ್ರವರಿಯಲ್ಲಿ ಸೇರಿತು. ಅದರ 50 ಗ್ರಾಂ, ಎಂಡಿಎಂಎಯ ಕೇವಲ 10 ಗ್ರಾಂ ವಾಣಿಜ್ಯ ಪ್ರಮಾಣವೆನಿಸುತ್ತದೆ. ಅದಕ್ಕೆ ಶಿಕ್ಷೆ 10ರಿಂದ 20 ವರ್ಷಗಳ ಕಠಿಣ ಸಜೆ ಮತ್ತು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಗಲ್ಫ್ ದೇಶಗಳ ಕಾನೂನು ಇನ್ನೂ ಕಠಿಣ. ದುಡಿಯಲು ಹೋಗುವವರು ಯಾರದೋ ಪೊಟ್ಟಣವನ್ನು ಪರಿಚಯದ ಮುಲಾಜಿಗೆ ಒಯ್ಯಬಾರದು. ಆದರೆ ಇದೇ ಕಾಯ್ದೆಯ 64ಎ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. ಅಲ್ಪ ಪ್ರಮಾಣ ಅಥವಾ ಸೇವನೆಯ ಆರೋಪವಷ್ಟೇ ಇರುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ, ಆ ಚಿಕಿತ್ಸೆ ಪೂರ್ಣಗೊಳಿಸಿದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಮಕ್ಕಳ ಚಟವನ್ನು ಮಾನಕ್ಕೆ ಹೆದರಿ ಮುಚ್ಚಿಡುವ ತಂದೆತಾಯಿಗಳು ಇದನ್ನು ಅರಿಯಬೇಕು.

ಹುಡುಗನ ಪ್ರಶ್ನೆಗೆ ಉತ್ತರ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅರಬಿಯ ಖಮ್ರ್ ಎಂಬ ಪದವನ್ನು ನಾವು ಮದ್ಯ ಎಂದು ಅನುವಾದಿಸುತ್ತೇವೆ. ಅದರ ಮೂಲಧಾತುವಿನ ಅರ್ಥ ಮುಚ್ಚುವುದು, ಹೊದಿಸುವುದು. ತಲೆ ಮುಚ್ಚುವ ವಸ್ತ್ರಕ್ಕೆ ಖಿಮಾರ್ ಎನ್ನುವುದೂ ಇದೇ ಮೂಲದಿಂದ. ಬುದ್ಧಿಯನ್ನು ಮುಚ್ಚುವುದೇ ಖಮ್ರ್ ಎಂದು ಹಜರತ್ ಉಮರ್(ರ) ವಿವರಿಸಿದ್ದಾರೆ. ಅಮಲೇರಿಸುವ ಪ್ರತಿಯೊಂದೂ ಖಮ್ರ್‌ನ ಸಾಲಿಗೇ ಸೇರುತ್ತದೆ ಎಂಬುದು ಪ್ರವಾದಿ ಮುಹಮ್ಮದ್(ಸ) ಅವರ ಬೋಧನೆಯ ಸಾರ. ಮುಂದೊಂದು ಕಾಲದಲ್ಲಿ ಜನ ಖಮ್ರ್‌ಗೆ ಬೇರೆ ಹೆಸರಿಟ್ಟು ಸೇವಿಸುವರು ಎಂಬ ಎಚ್ಚರಿಕೆಯೂ ಹದೀಸ್‌ನಲ್ಲಿದೆ. ಹೆಸರು ಬದಲಾದರೆ ವಸ್ತು ಬದಲಾಗದು.

ಹಶೀಶ್ ಕೂಡ ಮದ್ಯವಲ್ಲ, ಅದರ ಹೆಸರೂ ಕುರ್‌ಆನ್‌ನಲ್ಲಿಲ್ಲ. ಆದರೂ 1328ರಲ್ಲಿ ನಿಧನರಾದ ಇಮಾಮ್ ಇಬ್ನ್ ತೈಮಿಯಾ ಅದನ್ನು ಹರಾಮ್ ಎಂದರು, ಪರಿಣಾಮವನ್ನು ನೋಡಿ. ಇಮಾಮ್ ಗಝಾಲಿಯವರು ಶರೀಅತ್ ಕಾಪಾಡಬಯಸುವ ಐದು ಸಂಗತಿಗಳನ್ನು ಎಣಿಸಿದ್ದಾರೆ: ಧರ್ಮ, ಪ್ರಾಣ, ಬುದ್ಧಿ, ಸಂತತಿ, ಸಂಪತ್ತು. ಈ ಒಂದು ಮಾತ್ರೆಯ ಮುಂದೆ ಆ ಐದನ್ನೂ ಇಟ್ಟು ನೋಡಿ. ನಮಾಜಿನ ಸಮಯ ಮರೆಯುತ್ತದೆ, ಹೃದಯ ಕೆಡುತ್ತದೆ, ಬುದ್ಧಿ ಮಂಕಾಗುತ್ತದೆ, ಮನೆಮಕ್ಕಳು ಬೀದಿಗೆ ಬರುತ್ತಾರೆ, ಹೊಲ ಮಾರಾಟವಾಗುತ್ತದೆ. ಐದರಲ್ಲಿ ಒಂದೂ ಉಳಿಯುವುದಿಲ್ಲ. ಆದ್ದರಿಂದ ಹೆಸರನ್ನು ಕೇಳಬೇಡಿ, ಪರಿಣಾಮವನ್ನು ಕೇಳಿ. ಕಾಫಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಈ ಮಾತ್ರೆ ಆಗಲಾರದು.

ನಾವು ಮಾಡಬೇಕಾದದ್ದು

ಫತ್ವಾ ಹೇಳಿ ಕೈ ತೊಳೆದುಕೊಂಡರೆ ಸಾಲದು. ಬಿದ್ದವನನ್ನು ಎತ್ತುವುದೂ ದೀನ್‌ನ ಕೆಲಸವೇ. ಮಾತ್ರೆ ಸೇವಿಸಿದ ಯಾರಿಗಾದರೂ ಮೈ ಕಾದ ಹೆಂಚಿನಂತಾದರೆ, ಎದೆನೋವು, ಸೆಳವು, ಹುಚ್ಚಾಟ ಕಂಡರೆ ಹೆದರಿ ಓಡಿಹೋಗಬೇಡಿ. 108ಕ್ಕೆ ಕರೆ ಮಾಡಿ. ನೆರಳಿಗೆ, ಗಾಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ತಂಪುಮಾಡಿ. ಒಬ್ಬಂಟಿಯಾಗಿ ಬಿಡಬೇಡಿ. ಏನು ಸೇವಿಸಿದ್ದಾನೆಂದು ವೈದ್ಯರಿಗೆ ಸತ್ಯ ಹೇಳಿ. ಜೀವ ಉಳಿಯುವುದು ಆ ಸತ್ಯದಿಂದ.

ಚಟ ಅಂಟಿದವರಿಗೆ ದಾರಿ ಮುಚ್ಚಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ದೂರವಿದ್ದವರ ಮೆದುಳು ಸಾಕಷ್ಟು ಚೇತರಿಸಿಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಇದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಮಾರಾಟದ ಸುಳಿವು ಸಿಕ್ಕರೆ 1933ಕ್ಕೆ ತಿಳಿಸಬಹುದು. ನಮ್ಮ ಸಂಸ್ಥೆಯ ಸದಸ್ಯರು ಈ ಸಂಖ್ಯೆಗಳನ್ನು ಮಸೀದಿ, ಮದರಸಾ, ಶಾಲೆಗಳ ಫಲಕದ ಮೇಲೆ ಬರೆಸಿದರೆ ಅದೊಂದು ಸದಕಾ.

ವಿದ್ಯಾರ್ಥಿಗಳೇ, ಪರೀಕ್ಷೆಯ ಹಿಂದಿನ ರಾತ್ರಿ ನಿಮಗೆ ಬೇಕಾದ ಔಷಧ ಸಾಕಷ್ಟು ನಿದ್ದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿಯೇ. ರಾತ್ರಿ ಗಾಡಿ ಓಡಿಸುವ ಅಣ್ಣಂದಿರೇ, ಕಣ್ಣೆಳೆದಾಗ ಧಾಬಾದ ಬಳಿ ಗಾಡಿ ನಿಲ್ಲಿಸಿ ಒಂದು ತಾಸು ಮಲಗಿ. ಮಾಲು ತಡವಾದರೆ ಮಾಲೀಕ ಬೈಯಬಹುದು, ಅಷ್ಟೇ. ಮಾಲೀಕರೇ, ನೀವೂ ಬೈಯುವ ಮುನ್ನ ಯೋಚಿಸಿ.

ಕೆಲವು ದಿನಗಳ ನಂತರ ನಾನು ಈ ಎಲ್ಲ ಸಂಗತಿಗಳನ್ನು ತರಗತಿಯಲ್ಲಿ ವಿವರವಾಗಿ ಹೇಳಿದೆ. ಹಿಂದಿನ ಬೆಂಚಿನ ಆ ಹುಡುಗ ಸುಮ್ಮನೆ ಕೇಳಿಸಿಕೊಂಡ. ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, "ಸರ್, ಆ ನಂಬರ್ ಇಲ್ಲಿ ಬರದ ಕೊಡ್ರಿ" ಎಂದ. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ದೊಡ್ಡ ಅಂಕಿಗಳಲ್ಲಿ ಬರೆದುಕೊಟ್ಟೆ.

ಅಲ್ಲಾಹನು ನಮ್ಮ ಮಕ್ಕಳ ಬುದ್ಧಿ ಆರೋಗ್ಯಗಳನ್ನು ಕಾಪಾಡಲಿ, ದಾರಿ ತಪ್ಪಿದವರ ಕೈ ಹಿಡಿದು ಕರೆತರುವ ಶಕ್ತಿಯನ್ನು ನಮಗೆ ಕರುಣಿಸಲಿ. ಆಮೀನ್.